ಆಲ್ಫಾ ಫೈ ಆಲ್ಫಾದ ಕಾರ್ನೆಲ್ ಶಾಖೆಯಿಂದ ಬಂದ ಹೆಸರಾಂತರು ಯಾರು?

ನೀವು ಕೇಳಿರುವುದು ಎರಡು. ಅಮೆರಿಕದ ಕಪ್ಪು ವಿದ್ಯಾರ್ಥಿಗಳ ಸಂಘ ಆಲ್ಫಾ ಫೈ ಆಲ್ಫಾದ ಕಾರ್ನೆಲ್ ವಿಶ್ವವಿದ್ಯಾಲಯದ ಶಾಖೆಯಿಂದ ಬಂದ ದೊಡ್ಡ ಹೆಸರುಗಳು ಯಾವುವು? ಮಾರ್ಟಿನ್ ಲೂಥರ್ ಕಿಂಗ್ ಕೂಡ ಅಲ್ಲಿಯವರಾ?

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡ್ತೀನಿ. ಕಿಂಗ್ ಕಾರ್ನೆಲ್‌ನವರಲ್ಲ. ಅವರು ಈ ಸಂಘ ಸೇರಿದ್ದು 1952ರಲ್ಲಿ, ಬಾಸ್ಟನ್‌ನಲ್ಲಿ ಓದುತ್ತಿದ್ದಾಗ, ಅಲ್ಲಿನ ಸಿಗ್ಮಾ ಶಾಖೆಯಲ್ಲಿ. ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಸೇರಿದ್ದು ಲಿಂಕನ್ ವಿಶ್ವವಿದ್ಯಾಲಯದಲ್ಲಿ. ಓಟಗಾರ ಜೆಸ್ಸಿ ಓವೆನ್ಸ್ ಓಹಾಯೋದಲ್ಲಿ. ಮೂವರೂ ಒಂದೇ ಸಂಘದವರು, ಆದರೆ ಬೇರೆ ಬೇರೆ ಶಾಖೆಯವರು. ಹೆಸರುಗಳ ಪಟ್ಟಿ ಮಾಡುವವರು ಈ ವ್ಯತ್ಯಾಸ ನೋಡದೆ ಎಲ್ಲರನ್ನೂ ಒಟ್ಟಿಗೆ ಹಾಕಿಬಿಡುತ್ತಾರೆ. ಗೊಂದಲ ಆಗೋದು ಸಹಜ.

ಗೊತ್ತಿಲ್ಲದವರಿಗಾಗಿ ಒಂದು ಮಾತು. ಫ್ರಾಟರ್ನಿಟಿ ಅಂದರೆ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಕಾಲೇಜು ಹುಡುಗರ ಸಂಘ. ಒಮ್ಮೆ ಸೇರಿದರೆ ಸಾಯುವವರೆಗೂ ಅದರವರೇ. ಕಾಲೇಜಿಗೊಂದು ಶಾಖೆ, ಶಾಖೆಗೂ ಒಂದು ಗ್ರೀಕ್ ಅಕ್ಷರ. ಕಾರ್ನೆಲ್‌ನದು ಮೊದಲನೆಯದು, ಹಾಗಾಗಿ ಅದು ಆಲ್ಫಾ. ಹುಟ್ಟಿದ ದಿನ 1906ರ ಡಿಸೆಂಬರ್ 4. ಕಪ್ಪು ವಿದ್ಯಾರ್ಥಿಗಳು ಕಟ್ಟಿಕೊಂಡು ಇವತ್ತಿನವರೆಗೂ ಉಳಿದುಬಂದ ಇಂಥ ಕಾಲೇಜು ಸಂಘಗಳಲ್ಲಿ ಇದೇ ಮೊದಲು.

ನಾನು ಓದಿದ್ದು ಕಾರ್ನೆಲ್ ಇರುವ ಅದೇ ಇಥಾಕಾ ಊರಿನಲ್ಲಿ. ಕಾಲೇಜು ಗುಡ್ಡದ ಮೇಲೆ, ಊರು ಕೆಳಗೆ. ಮೊದಲ ಚಳಿಗಾಲದಲ್ಲಿ ಗಂಟುಮೂಟೆ ಕಟ್ಟಿಕೊಂಡು ವಾಪಸ್ ಹೋಗಿಬಿಡೋಣ ಅಂತ ತೀರ್ಮಾನ ಮಾಡಿದ್ದೆ. ಧಾರವಾಡದ ಕಡೆಯ ಸೀನಿಯರ್ ಒಬ್ಬರು ಬಿಡಲಿಲ್ಲ. ವಾರಕ್ಕೆರಡು ಸಂಜೆ ಎದುರಿಗೆ ಕೂರಿಸಿಕೊಂಡು ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಟ್ಟರು, ಆಮೇಲೆ ಅನ್ನ ಸಾರು ಬಡಿಸಿ ಕಳಿಸುತ್ತಿದ್ದರು. ನಾನು ಪಾಸಾದದ್ದು ಆ ಸಂಜೆಗಳಿಂದ. ಅದಕ್ಕೇ ಈ ಸಂಘ ಹುಟ್ಟಿದ ಕಥೆ ಮೊದಲ ಸಲ ಕೇಳಿದಾಗ ಮನಸ್ಸಿಗೆ ತಟ್ಟಿತು.

1904–05ರಲ್ಲಿ ಕಾರ್ನೆಲ್‌ನಲ್ಲಿದ್ದದ್ದೇ ಬೆರಳೆಣಿಕೆಯಷ್ಟು ಕಪ್ಪು ವಿದ್ಯಾರ್ಥಿಗಳು. ಅವರಲ್ಲಿ ಆರು ಜನ ಮುಂದಿನ ವರ್ಷ ಮರಳಿ ಬರಲೇ ಇಲ್ಲ. ಉಳಿದವರಿಗೆ ಭಯ ಹುಟ್ಟಿದ್ದು ಅಲ್ಲಿಂದ. ಒಬ್ಬರಿಗೊಬ್ಬರು ಆಸರೆಯಾಗಿ ಓದಬೇಕು, ಇನ್ನು ಯಾರೂ ಬಿಟ್ಟುಹೋಗಬಾರದು ಅಂತ ಸೇರತೊಡಗಿದರು. ನಮ್ಮಲ್ಲಿ ವಾರಾನ್ನ ಮಾಡಿ ಓದಿದವರ ಕಥೆ ಕೇಳಿದ್ದೀವಲ್ಲ, ಇವರದು ದುಡಿದು ಉಂಡ ಓದು. ಕೆಲವರು ಬಿಳಿಯ ಹುಡುಗರ ಫ್ರಾಟರ್ನಿಟಿ ಮನೆಗಳಲ್ಲೇ ಊಟ ಬಡಿಸುವ ಕೆಲಸಕ್ಕಿದ್ದರು. ಒಟ್ಟಿಗಿದ್ದರೆ ಓದು ಎಷ್ಟು ಹಗುರ ಅನ್ನೋದನ್ನ ಅವರು ಅಲ್ಲೇ, ತಟ್ಟೆ ಹಿಡಿದು ನಿಂತು, ಕಣ್ಣಾರೆ ಕಂಡಿರಬೇಕು.

ಹಾಗಾಗಿ ನನ್ನ ಉತ್ತರದಲ್ಲಿ ಕಾರ್ನೆಲ್ ಶಾಖೆಯ ದೊಡ್ಡವರು ಅಂದರೆ ಮೊದಲು ಈ ಸಂಘ ಕಟ್ಟಿದ ಏಳು ಜನ. ಸಂಘದವರು ಅವರನ್ನು ರತ್ನಗಳು ಅಂತಲೇ ಕರೆಯುತ್ತಾರೆ.

ವರ್ಟ್ನರ್ ಟ್ಯಾಂಡಿ ನನಗೆ ಎಲ್ಲರಿಗಿಂತ ಹತ್ತಿರ. ಕೆಂಟಕಿಯ ಲೆಕ್ಸಿಂಗ್ಟನ್‌ನವರು. ಅಪ್ಪ ಕಟ್ಟಡ ಕಟ್ಟುವ ಕಂಟ್ರಾಕ್ಟರ್. ಮಗ ಕಾರ್ನೆಲ್‌ನಲ್ಲಿ ಆರ್ಕಿಟೆಕ್ಚರ್ ಓದಿ, ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಾಯಿತ ಮೊದಲ ಕಪ್ಪು ವಾಸ್ತುಶಿಲ್ಪಿಯಾದರು. ನ್ಯೂಯಾರ್ಕ್ ನಗರದಲ್ಲಿ ಕಪ್ಪು ಜನರ ಬಡಾವಣೆ ಅಂತ ಹೆಸರಾದ ಹಾರ್ಲೆಮ್‌ನ ಸೇಂಟ್ ಫಿಲಿಪ್ಸ್ ಚರ್ಚ್ ಅವರು ಜಾರ್ಜ್ ಫಾಸ್ಟರ್ ಜೊತೆ ಸೇರಿ ವಿನ್ಯಾಸ ಮಾಡಿದ್ದು. ಆದರೆ ನೋಡಲೇಬೇಕಾದದ್ದು ಹಡ್ಸನ್ ನದಿಯ ಕಡೆ ಅರ್ವಿಂಗ್ಟನ್‌ನಲ್ಲಿರುವ ವಿಲ್ಲಾ ಲೆವಾರೊ. ಕೂದಲಿನ ಆರೈಕೆಯ ಸಾಮಾನು ಮಾರಿ ಸ್ವಂತ ಶ್ರಮದಿಂದ ಶ್ರೀಮಂತರಾದ ಮೇಡಂ ಸಿ. ಜೆ. ವಾಕರ್ ಅವರಿಗಾಗಿ ಕಟ್ಟಿದ ಮನೆ ಅದು. ಮೇಡಂ ಅವರ ಅಪ್ಪ ಅಮ್ಮ ಹತ್ತಿಯ ತೋಟದಲ್ಲಿ ಗುಲಾಮರಾಗಿದ್ದವರು. ಅಂಥವರ ಮಗಳಾದ ಮೇಡಂ 1918ರಲ್ಲಿ ಕುಬೇರರ ಬಂಗಲೆಗಳ ಸಾಲಿನಲ್ಲಿ ಬಂದು ನೆಲೆಸಿದರು. ಒಂದು ಭಾನುವಾರ ರೈಲು ಹಿಡಿದು ಆ ಮನೆ ನೋಡೋಕೆ ಹೋಗಿದ್ದೆ. ಖಾಸಗಿ ಜಾಗ, ರಸ್ತೆಯಲ್ಲೇ ನಿಂತು ನೋಡಿದೆ. ಬಿಳಿ ಗೋಡೆ. ಅರ್ಧಚಂದ್ರದ ಹಾಗೆ ಮುಂದಕ್ಕೆ ಬಾಗಿದ ಮುಖಮಂಟಪ, ಎರಡಂತಸ್ತಿನ ಎತ್ತರಕ್ಕೆ ನಿಂತ ಕಂಬಗಳು. ಮನೆ ಎಲ್ಲೋ ಮರಗಳ ಹಿಂದೆ ಅಡಗಿ ಕೂತಿಲ್ಲ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗಿದೆ. ಬಹಳ ಹೊತ್ತು ನಿಂತಿದ್ದೆ.

ಯೂಜೀನ್ ಕಿಂಕಲ್ ಜೋನ್ಸ್ ಮಾಡಿದ ಕೆಲಸ ಕಣ್ಣಿಗೆ ಕಾಣೋದಲ್ಲ, ಆದರೆ ಅದು ಮುಟ್ಟಿದ ಜನ ಜಾಸ್ತಿ. ಗುಲಾಮಗಿರಿಯಲ್ಲಿ ಹುಟ್ಟಿ ಮುಂದೆ ಮೇಷ್ಟ್ರಾದವರ ಮಗ ಇವರು. ಆಗ ದಕ್ಷಿಣದ ಹಳ್ಳಿಗಳಿಂದ ಕಪ್ಪು ಜನ ಲಕ್ಷಗಟ್ಟಲೆ ಉತ್ತರದ ಪಟ್ಟಣಗಳಿಗೆ ಗುಳೆ ಬರುತ್ತಿದ್ದ ಕಾಲ. ಬಂದವರಿಗೆ ಕೆಲಸ ಬೇಕು, ಮನೆ ಬೇಕು, ಪಟ್ಟಣದ ರೀತಿ ಗೊತ್ತಿಲ್ಲ. ಅವರ ಜೊತೆ ನಿಲ್ಲೋಕೆ ಹುಟ್ಟಿದ್ದು ನ್ಯಾಷನಲ್ ಅರ್ಬನ್ ಲೀಗ್. ಜೋನ್ಸ್ 1911ರಲ್ಲಿ ಅಲ್ಲಿಗೆ ಸೇರಿ, ಮುಂದೆ ಎರಡು ದಶಕಕ್ಕೂ ಹೆಚ್ಚು ಕಾಲ ಅದನ್ನು ನಡೆಸಿದರು. 1923ರಲ್ಲಿ ಲೀಗ್ ಶುರು ಮಾಡಿದ ‘ಆಪರ್ಚುನಿಟಿ’ ಪತ್ರಿಕೆ ಹಾರ್ಲೆಮ್‌ನ ಹೊಸ ಬರಹಗಾರರಿಗೆ ವೇದಿಕೆಯಾಯಿತು. ಮುಂದೆ ಜೋನ್ಸ್ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರದಲ್ಲಿ ವಾಣಿಜ್ಯ ಇಲಾಖೆಯ ಸಲಹೆಗಾರರೂ ಆದರು. ಸಂಘದ ವಿಷಯಕ್ಕೆ ಬಂದರೂ ಅಷ್ಟೇ. ಕಾರ್ನೆಲ್‌ನಾಚೆ ಹೋಗಿ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಎರಡನೇ ಶಾಖೆಗೆ ಬೀಜ ಹಾಕಿದವರು ಇವರೇ. ಅದಿಲ್ಲದಿದ್ದರೆ ಬಾಸ್ಟನ್ ಶಾಖೆ ಎಲ್ಲಿರುತ್ತಿತ್ತು, ಕಿಂಗ್ ಎಲ್ಲಿ ಸೇರುತ್ತಿದ್ದರು?

ಉಳಿದ ಐವರ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಜಾರ್ಜ್ ಕೆಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಾಯಿತ ಮೊದಲ ಕಪ್ಪು ಎಂಜಿನಿಯರ್. ಅಲ್ಲಿನ ಬಾರ್ಜ್ ಕಾಲುವೆಯ ಕೆಲಸದಲ್ಲಿದ್ದರು. ಶಾಖೆಯ ಮೊದಲ ಅಧ್ಯಕ್ಷರೂ ಅವರೇ. ಹೆನ್ರಿ ಕ್ಯಾಲಿಸ್ ಡಾಕ್ಟರಾಗಿ, ಹೋವರ್ಡ್‌ನಲ್ಲಿ ವೈದ್ಯಕೀಯ ಕಲಿಸಿದರು. ಏಳು ಜನರಲ್ಲಿ ಕೊನೆಗೆ ಉಳಿದವರು ಅವರು, ತೀರಿಕೊಂಡದ್ದು 1974ರಲ್ಲಿ. ನಥಾನಿಯಲ್ ಮರ್ರಿ ವಾಷಿಂಗ್ಟನ್‌ನ ಶಾಲೆಗಳಲ್ಲಿ ಮೇಷ್ಟ್ರು. ಚಾರ್ಲ್ಸ್ ಚಾಪ್‌ಮನ್ ಫ್ಲಾರಿಡಾದಲ್ಲಿ ಕೃಷಿ ಪ್ರಾಧ್ಯಾಪಕ. ರಾಬರ್ಟ್ ಓಗಲ್ ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಹಣಕಾಸು ಮಂಜೂರಾತಿ ಸಮಿತಿಯ ಸಿಬ್ಬಂದಿಯಲ್ಲಿದ್ದರು. ಸಂಘಕ್ಕೆ ಕಪ್ಪು ಮತ್ತು ಹಳೆ ಚಿನ್ನದ ಬಣ್ಣ ಆರಿಸಿದ್ದು ಓಗಲ್. ಡಾಕ್ಟರು, ಎಂಜಿನಿಯರು, ಮೇಷ್ಟ್ರು ಅಂದರೆ ಇವತ್ತು ಯಾರೂ ತಿರುಗಿ ನೋಡಲ್ಲ. ಆದರೆ ದಕ್ಷಿಣದಲ್ಲಿ ಕಪ್ಪು ಜನರನ್ನು ಗುಂಪು ಕಟ್ಟಿ ಕೊಲ್ಲುತ್ತಿದ್ದ ಕಾಲದಲ್ಲಿ ಅಷ್ಟು ಓದಿ ಅಷ್ಟು ದೂರ ಬಂದದ್ದು ಸಣ್ಣ ಮಾತಲ್ಲ.

   

ಈಗ, ನಿಮ್ಮ ಪಟ್ಟಿಗೆ ಇನ್ನೊಂದು ಹೆಸರು ದಯವಿಟ್ಟು ಸೇರಿಸಿಕೊಳ್ಳಿ. ಸಿ. ಸಿ. ಪಾಯಿಂಡೆಕ್ಸ್ಟರ್. ಏಳು ರತ್ನಗಳಲ್ಲಿ ಇವರಿಲ್ಲ. ಕೃಷಿಯಲ್ಲಿ ಮೇಲಿನ ಓದು ಓದುತ್ತಿದ್ದ, ಉಳಿದವರಿಗಿಂತ ಹಿರಿಯರಾದ ವಿದ್ಯಾರ್ಥಿ. 1905–06ರಲ್ಲಿ ಚದುರಿಹೋಗಿದ್ದ ಹುಡುಗರನ್ನು ಕರೆದು ಸಾಹಿತ್ಯ ಕೂಟ ಅಂತ ಶುರು ಮಾಡಿದವರು ಅವರು. ಸೇರುತ್ತಿದ್ದದ್ದು ನಾರ್ತ್ ಆಲ್ಬನಿ ಬೀದಿಯ 421ನೇ ನಂಬರಿನ ಮನೆಯಲ್ಲಿ. ಪಾಯಿಂಡೆಕ್ಸ್ಟರ್ ಅಲ್ಲಿ ಬಾಡಿಗೆಗಿದ್ದರು. ಕೂಟವನ್ನು ಫ್ರಾಟರ್ನಿಟಿ ಮಾಡೋಣ ಅಂತ ಕಿರಿಯರು ಪಟ್ಟು ಹಿಡಿದಾಗ ಅವರಿಗೆ ಮನಸ್ಸಾಗಲಿಲ್ಲ. ಕೂಟವೇ ಸಾಕು ಅನ್ನೋದು ಅವರ ನಿಲುವು. ಡಿಸೆಂಬರ್ 4ಕ್ಕೆ ಹುಡುಗರು ಮುಂದೆ ಹೋದರು, ಅವರು ಹಿಂದೆ ಉಳಿದರು. ಹುಡುಗರ ತೀರ್ಮಾನವೇ ಸರಿ ಅಂತ ನೂರು ವರ್ಷ ತೋರಿಸಿಕೊಟ್ಟಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲು ಬಾಗಿಲು ತೆರೆದು ಒಳಗೆ ಕರೆದವರು ಇವರು ಅಲ್ವಾ?

ನಾನು ಇಥಾಕಾ ಬಿಡುವ ಮುಂಚೆ ಆ ಧಾರವಾಡದ ಸೀನಿಯರ್ ಜೊತೆಗೇ ಗುಡ್ಡ ಇಳಿದು ಆಲ್ಬನಿ ಬೀದಿಗೆ ಹೋಗಿದ್ದೆ. ರಸ್ತೆ ಬದಿಯಲ್ಲಿ ಹಿಮ ಇನ್ನೂ ಕರಗಿರಲಿಲ್ಲ. ಯಾವ ಮನೆ ಅಂತ ಅವರಿಗೆ ತೋರಿಸಿ, ಇಲ್ಲಿ ಏನು ನಡೀತು ಅಂತ ಹೇಳಿದೆ. ಅವರು ಟೋಪಿ ತೆಗೆದು ಸ್ವಲ್ಪ ಹೊತ್ತು ಸುಮ್ನೆ ನಿಂತರು.