ಸಂಬಳಕ್ಕೆ ಹೋದವರು ತಾನೆ?

ಆತ್ಮೀಯ ಓದುಗರೇ,

ವಿಯೆಟ್ನಾಂ ಯುದ್ಧಕ್ಕೆ ಅಮೆರಿಕದ ಸೈನಿಕರನ್ನು ಹೊತ್ತೊಯ್ದ ಖಾಸಗಿ ವಿಮಾನಗಳ ಸಿಬ್ಬಂದಿ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಹಿಡಿಸಿಲ್ಲ. "ಊಟದ ಟ್ರೇ ಕೊಟ್ಟರು, ಸಂಬಳ ಎಣಿಸಿಕೊಂಡರು, ಮನೆಗೆ ಹೋದರು. ಇವರನ್ನು ಯೋಧರ ಪಕ್ಕ ಕೂರಿಸೋದು ಜಾಸ್ತಿ ಆಯಿತು" ಎಂದು ಬರೆದಿದ್ದೀರಿ. ಸೇನೆಗೆ ತನ್ನದೇ ವಿಮಾನಗಳಿರುವಾಗ ಇವರು ಯಾಕೆ ಬೇಕಾದರು, ಈಗಲೂ ಹೀಗೆ ನಡೆಯುತ್ತದಾ ಅಂತಲೂ ಕೇಳಿದ್ದೀರಿ.

ಯಾಕೆ ಬೇಕಾದರು ಅನ್ನೋದಕ್ಕೆ ಉತ್ತರ ಲೆಕ್ಕದಲ್ಲಿದೆ. 1969ರ ಹೊತ್ತಿಗೆ ವಿಯೆಟ್ನಾಂನಲ್ಲಿ ಅಮೆರಿಕದ 5 ಲಕ್ಷಕ್ಕೂ ಹೆಚ್ಚು ಸೈನಿಕರಿದ್ದರು. ಸಾಮಾನ್ಯ ಸೈನಿಕನಿಗೆ ಅಲ್ಲಿ ಒಂದು ವರ್ಷದ ಅವಧಿ. ಅಂದರೆ ಅಷ್ಟೂ ಜನರನ್ನು ವರ್ಷವಿಡೀ ಕಳಿಸುತ್ತಲೇ ಇರಬೇಕು, ಕರೆತರುತ್ತಲೇ ಇರಬೇಕು. ಸೇನೆಯ ವಿಮಾನಗಳಿಗೆ ಸಾಮಾನು ಸಾಗಿಸುವ ಕೆಲಸವೇ ಬೆಟ್ಟದಷ್ಟಿತ್ತು. ಹಾಗಾಗಿ ಪ್ಯಾನ್ ಆಮ್, ವರ್ಲ್ಡ್ ಏರ್‌ವೇಸ್, ಕಾಂಟಿನೆಂಟಲ್, ಫ್ಲೈಯಿಂಗ್ ಟೈಗರ್ ಮುಂತಾದ ಕಂಪನಿಗಳಿಗೆ ಗುತ್ತಿಗೆ ಕೊಟ್ಟರು. ಹಾಂಗ್‌ಕಾಂಗ್, ಬ್ಯಾಂಕಾಕ್, ಸಿಡ್ನಿ, ಹೊನೊಲುಲುಗೆ ಕೆಲವು ದಿನದ ರಜೆಗೆ ಕರೆದೊಯ್ಯುತ್ತಿದ್ದದ್ದೂ ಇಂಥ ವಿಮಾನಗಳೇ. ರಜೆ ಮುಗಿದ ಮೇಲೆ ಮತ್ತೆ ಯುದ್ಧಕ್ಕೆ ಇಳಿಸಿ ಬರಬೇಕಾದವರೂ ಇವರೇ, ಅಲ್ವಾ?

ಹೋಗುವಾಗ ಕ್ಯಾಬಿನ್ ತುಂಬ ಹತ್ತೊಂಬತ್ತು, ಇಪ್ಪತ್ತರ ಹುಡುಗರು. ಮಾತಿಲ್ಲ. ವಾಪಸ್ ಬರುವಾಗಲೂ ವಿಮಾನ ರನ್‌ವೇ ಮೇಲಿರುವ ತನಕ ಯಾರೂ ಉಸಿರೆತ್ತುತ್ತಿರಲಿಲ್ಲ. ಚಕ್ರ ನೆಲ ಬಿಟ್ಟ ಕೂಡಲೇ ಕೂಗು, ಚಪ್ಪಾಳೆ. ನಡುವೆ ನಿಂತಿರುತ್ತಿದ್ದ ಗಗನಸಖಿಗೂ ಹೆಚ್ಚು ಕಡಿಮೆ ಅದೇ ವಯಸ್ಸು.

ಕಾಲಾಳು ಸೈನಿಕನ ಒಂದು ವರ್ಷಕ್ಕೂ ಇವರ ಕೆಲವು ಗಂಟೆಗಳಿಗೂ ಹೋಲಿಕೆಯಿಲ್ಲ. ಅಷ್ಟನ್ನು ಒಪ್ಪುತ್ತೇನೆ. ಆದರೆ ಊಟ ಕೊಟ್ಟು ಬಂದವರಷ್ಟೇ ಎಂದು ಅವರ ಸರ್ಕಾರವೇ ತಿಳಿದಿರಲಿಲ್ಲ. ಪ್ಯಾನ್ ಆಮ್ ಗಗನಸಖಿಯರ ಕೈಯಲ್ಲಿ ಸೆಕೆಂಡ್ ಲೆಫ್ಟಿನೆಂಟ್ ದರ್ಜೆಯ ಗುರುತಿನ ಚೀಟಿ ಇತ್ತು. ಶತ್ರುವಿನ ಕೈಗೆ ಸಿಕ್ಕರೆ ಜಿನೀವಾ ಒಪ್ಪಂದದಂತೆ ಯುದ್ಧಕೈದಿಯಾಗಿ ನಡೆಸಿಕೊಳ್ಳಲಿ ಅಂತ. ಸೆರೆ ಸಿಗಬಹುದು ಎಂಬ ಅಂದಾಜಿಲ್ಲದೆ ಯಾರಾದರೂ ಸುಮ್ನೆ ಇಂಥ ಚೀಟಿ ಮಾಡಿಸುತ್ತಾರಾ?

ಫ್ಲೈಯಿಂಗ್ ಟೈಗರ್ ಕಂಪನಿಯ 739ನೇ ನಂಬರಿನ ವಿಮಾನದ ಕಥೆ ನೋಡಿ. 1962ರ ಮಾರ್ಚ್ 16. ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್‌ಗೆ ಹೊರಟ ವಿಮಾನ ಪೆಸಿಫಿಕ್‌ನ ಗುವಾಮ್ ದ್ವೀಪ ಬಿಟ್ಟಿತು, ಫಿಲಿಪೀನ್ಸ್ ಮುಟ್ಟಲಿಲ್ಲ. ಒಳಗೆ ಅಮೆರಿಕದ 93 ಸೈನಿಕರು, ದಕ್ಷಿಣ ವಿಯೆಟ್ನಾಂನ 3 ಜನ, ಸಿಬ್ಬಂದಿ 11. ಭಾರಿ ಹುಡುಕಾಟ ನಡೆದರೂ ಅವಶೇಷದ ಚೂರೂ ಸಿಗಲಿಲ್ಲ. ವಾಷಿಂಗ್ಟನ್‌ನ ವಿಯೆಟ್ನಾಂ ಯುದ್ಧ ಸ್ಮಾರಕ ಗೋಡೆಯ ಮೇಲೆ ಆ ಸೈನಿಕರ ಹೆಸರೇ ಇಲ್ಲ, ಸಾವು ಯುದ್ಧವಲಯದಲ್ಲಿ ಆಗಲಿಲ್ಲವಂತೆ. ಇನ್ನು ಸಿಬ್ಬಂದಿಯದನ್ನು ಕೇಳುವವರು ಯಾರು?

1985ರ ಡಿಸೆಂಬರ್ 12ರಂದು ಕೆನಡಾದ ಗ್ಯಾಂಡರ್‌ನಲ್ಲಿ ಬಿದ್ದ ಆರೋ ಏರ್ ವಿಮಾನದ್ದೂ ಇಂಥದೇ ಪ್ರಯಾಣ. ಈಜಿಪ್ಟ್‌ನ ಸಿನಾಯ್‌ನಲ್ಲಿ ಶಾಂತಿಪಾಲನೆ ಮುಗಿಸಿ ಮರಳುತ್ತಿದ್ದ 248 ಸೈನಿಕರ ಜೊತೆ 8 ಸಿಬ್ಬಂದಿ ಸತ್ತರು.

ನನಗೆ ಬೇಸರ ತರಿಸುವುದು ಸರ್ಕಾರದ ಇಬ್ಬಗೆ ನೀತಿ. ಎರಡನೇ ಮಹಾಯುದ್ಧದಲ್ಲಿ ಸೇನೆಗಾಗಿ ಗುತ್ತಿಗೆ ಮೇಲೆ ಹಾರಿದ ಪ್ಯಾನ್ ಆಮ್ ಮತ್ತಿತರ ಕಂಪನಿಗಳ ಸಿಬ್ಬಂದಿಗೆ, 1977ರ ಕಾನೂನಿನಡಿ, ತಡವಾಗಿಯಾದರೂ ಮಾಜಿ ಸೈನಿಕರ ಸ್ಥಾನ ಸಿಕ್ಕಿತು. ಅವರೂ ಸಂಬಳಕ್ಕೇ ಹೋದವರು. ಸೈನಿಕರೂ ಸಂಬಳ ತೆಗೆದುಕೊಳ್ಳುತ್ತಾರೆ, ಬಿಡಿ. ವಿಯೆಟ್ನಾಂಗೆ ಹಾರಿದವರಿಗೆ ಮಾತ್ರ ಆ ಸ್ಥಾನ ಸಿಗಲಿಲ್ಲ.

ಈಗಲೂ ನಡೆಯುತ್ತದೆ. ತುರ್ತಿನಲ್ಲಿ ಸೇನೆಗೆ ವಿಮಾನ ಕೊಡುವುದಾಗಿ ಕಂಪನಿಗಳು ಮೊದಲೇ ಒಪ್ಪಿಕೊಂಡಿರುವ ವ್ಯವಸ್ಥೆಯೊಂದು ಅಮೆರಿಕದಲ್ಲಿ 1950ರ ದಶಕದಿಂದ ಇದೆ. ಅದನ್ನು ಮೊದಲ ಸಲ ಜಾರಿ ಮಾಡಿದ್ದು 1990ರಲ್ಲಿ, ಇರಾಕ್ ಕುವೈತ್ ಮೇಲೆ ಬಿದ್ದಾಗ. ಕೊಲ್ಲಿಗೆ ಹೋದ ಸೈನಿಕರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೋದದ್ದು ಖಾಸಗಿ ವಿಮಾನಗಳಲ್ಲೇ. ಆಮೇಲೆ 2003ರಲ್ಲಿ ಇರಾಕ್ ಯುದ್ಧಕ್ಕೆ. 2021ರ ಆಗಸ್ಟ್‌ನಲ್ಲಿ, ಅಫ್ಘಾನಿಸ್ತಾನದಿಂದ ಜನರನ್ನು ಹೊರತರುವಾಗ, ಮತ್ತೆ 18 ವಿಮಾನ ಕರೆಸಿದರು. ಆ ಸಲ ಅವನ್ನು ಕಾಬೂಲ್‌ಗೆ ಕಳಿಸಲಿಲ್ಲ. ಸೇನೆಯ ವಿಮಾನಗಳು ಅಲ್ಲಿಂದ ಹೊರತಂದ ಜನರನ್ನು ಬೇರೆ ನೆಲೆಗಳಿಂದ ಮುಂದಕ್ಕೆ ಸಾಗಿಸುವ ಕೆಲಸ ಮಾತ್ರ ಕೊಟ್ಟರು.

— ಸಂಪಾದಕ