ಪಂಪ ಅಂದ್ರೆ ಯಾವ ಪಂಪ?

ಹೋದ ಸಂಚಿಕೆಯಲ್ಲಿ ಓದುಗರೊಬ್ರು ಪಂಪ ರಾಮಾಯಣದ ಒಂದು ಸಾಲಿನ ಅರ್ಥ ಕೇಳಿದ್ರು, "ಅಬ್ಧಿಯುಮೊರ್ಮೆ ಕಾಲವಶದಿಂ ಮರ್ಯಾದೆಯಂ ದಾಂಟದೇ" ಅನ್ನೋದು. ಕಾಲ ಬಂದಾಗ ಸಮುದ್ರ ಕೂಡ ಒಂದ್ಸಲ ತನ್ನ ಎಲ್ಲೆ ದಾಟಲ್ವಾ ಅಂತ ಅರ್ಥ ಬರೆದು, ಕವಿ ನಾಗಚಂದ್ರ ಅಂತ ಹಾಕಿದ್ದೆ. ಅದಕ್ಕೆ ಬಂದ ಪತ್ರ, ಮೆಸೇಜ್ ಎಲ್ಲ ಸೇರಿಸಿದ್ರೆ ಒಂದು ಕಟ್ಟು ಆಗುತ್ತೆ, ಅರ್ಧ ಜನ ನನ್ನನ್ನ ತಿದ್ದೋಕೆ ಬರೆದಿದಾರೆ, ಇನ್ನರ್ಧ ಜನ ಪಂಪ ಅನ್ನೋ ಹೆಸರಿನ ಬಗ್ಗೆನೇ ಬೇರೆ ಬೇರೆ ಪ್ರಶ್ನೆ ಕೇಳಿದಾರೆ. ಹಾಗಾಗಿ ಈ ಸಲ ಪೂರ್ತಿ ಅದಕ್ಕೇ ಬಿಡ್ತೀನಿ.

ಪ್ರಶ್ನೆ: ಮೇಷ್ಟ್ರೇ, ನಾನು ಬಿಎ ಎರಡನೇ ವರ್ಷ. ಕಾಲೇಜಿನ ಕ್ವಿಜ್‌ನಲ್ಲಿ "ಪಂಪ ರಾಮಾಯಣ ಬರೆದೋರು ಯಾರು" ಅಂತ ಕೇಳಿದ್ರು, ಹೆಸರಲ್ಲೇ ಇದ್ಯಲ್ಲ ಅಂತ ಪಂಪ ಅಂದೆ, ತಪ್ಪು ಅಂತ ನಂಬರ್ ಕೊಡ್ಲಿಲ್ಲ. ಪಂಪ ಭಾರತ ಬರೆದೋರು ಪಂಪ ಆದ್ರೆ ಪಂಪ ರಾಮಾಯಣ ಬರೆದೋರು ಯಾಕೆ ಪಂಪ ಅಲ್ಲ? (ಇಳಕಲ್ಲಿನ ಓದುಗರು)

ಉತ್ತರ: ನೋಡಮ್ಮ, ತಪ್ಪು ನಿಂದಲ್ಲ, ಆ ಹೆಸರು ಎಂಥವರನ್ನೂ ದಾರಿ ತಪ್ಪಿಸುತ್ತೆ. ಆದಿಕವಿ ಪಂಪ ಬರೆದಿದ್ದು ಎರಡು ಕಾವ್ಯ, ಒಂದು ಆದಿಪುರಾಣ, ಕ್ರಿ.ಶ. 941ರದ್ದು, ಇನ್ನೊಂದು ವಿಕ್ರಮಾರ್ಜುನ ವಿಜಯ, ಅದನ್ನೇ ನಾವು ಪಂಪ ಭಾರತ ಅಂತೀವಿ. ಮೊದಲನೇದು ಮೂರು ತಿಂಗಳಲ್ಲಿ ಎರಡನೇದು ಆರು ತಿಂಗಳಲ್ಲಿ ಮುಗಿಸಿದೆ ಅಂತ ಅವನೇ ಹೇಳ್ಕೊಂಡಿದಾನೆ. ರಾಮಾಯಣ ಅವನು ಬರೀಲಿಲ್ಲ.

ರಾಮಾಯಣ ಬರೆದೋನು ನಾಗಚಂದ್ರ, ಪಂಪನಿಗಿಂತ ಸುಮಾರು ನೂರೈವತ್ತು ವರ್ಷ ಈಚೆಯೋನು, ಅಂದ್ರೆ 1100ರ ಆಸುಪಾಸು. ಕಾವ್ಯದ ನಿಜವಾದ ಹೆಸರು ರಾಮಚಂದ್ರಚರಿತಪುರಾಣ. ಮಲ್ಲಿನಾಥ ಪುರಾಣ ಅಂತ ಇನ್ನೊಂದು ಕಾವ್ಯನೂ ಅವನದಿದೆ. ಈ ನಾಗಚಂದ್ರ ತನ್ನನ್ನ ಅಭಿನವ ಪಂಪ ಅಂತ ಕರ್ಕೊಂಡ, ಅಂದ್ರೆ ಹೊಸ ಪಂಪ. ದೊಡ್ಡ ಕವಿಯ ಹೆಸರನ್ನ ಹೀಗೆ ತಗೊಳೋದು ಆಗ ಗೌರವದ ಮಾತು, ಗದುಗಿನ ನಾರಣಪ್ಪ ಕುಮಾರವ್ಯಾಸ ಆಗಿದ್ದು, ತೊರವೆ ರಾಮಾಯಣದ ಕವಿ ಕುಮಾರ ವಾಲ್ಮೀಕಿ ಆಗಿದ್ದು ಕೂಡ ಇದೇ ಥರ. ಆದ್ರೆ ಕುಮಾರವ್ಯಾಸನನ್ನ ಯಾರೂ ವ್ಯಾಸ ಅಂತ ಕರೆಯಲ್ಲ, ಮುಂದಿರೋ ಕುಮಾರ ಹಾಗೇ ಉಳೀತು. ಪಾಪ ನಾಗಚಂದ್ರನ ವಿಷಯದಲ್ಲಿ ಮುಂದಿನ ಅಭಿನವ ಉದುರಿಹೋಗಿ ಬರೀ ಪಂಪ ಉಳ್ಕೊಂಡ್ತು, ಅಭಿನವ ಪಂಪನ ರಾಮಾಯಣ ಹೋಗಿ ಪಂಪ ರಾಮಾಯಣ ಆಯ್ತು.

ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ, ಯಾಕಂದ್ರೆ ಆ ಕಾವ್ಯ ಯಾರ ಹೆಸರಿನ ನೆರಳಲ್ಲೂ ನಿಲ್ಲಬೇಕಾದ್ದಲ್ಲ. ಅದು ಜೈನ ರಾಮಾಯಣ, ವಿಮಲಸೂರಿ ಅನ್ನೋ ಕವಿ ಪ್ರಾಕೃತದಲ್ಲಿ ಬರೆದ ಪಉಮಚರಿಯದ ದಾರೀಲಿ ನಡೆದದ್ದು. ಅಲ್ಲಿ ರಾವಣ ರಾಕ್ಷಸ ಅಲ್ಲ, ವಿದ್ಯಾಧರ ರಾಜ. ಒಲ್ಲದ ಹೆಣ್ಣನ್ನ ಮುಟ್ಟಲ್ಲ ಅಂತ ವ್ರತ ತಗೊಂಡೋನು. ತಾನಾಗಿ ಒಲಿದು ಬಂದ ಪರಸ್ತ್ರೀಯನ್ನೇ ಬುದ್ಧಿ ಹೇಳಿ ವಾಪಸ್ ಕಳಿಸಿದ್ದೋನು, ಅಂಥೋನು ಸೀತೆಯನ್ನ ನೋಡಿ ಜಾರ್ತಾನೆ. ಆ ಜಾಗದಲ್ಲೇ ಕವಿ ಹೇಳೋದು, ಸಮುದ್ರ ಕೂಡ ಒಂದ್ಸಲ ಎಲ್ಲೆ ದಾಟಲ್ವಾ ಅಂತ. ಬೈಯೋದಿಲ್ಲ, ಮರುಗ್ತಾನೆ. ಮುಂದೆ ಸೀತೆ ರಾಮನ ನೆನಪಲ್ಲಿ ಮೂರ್ಛೆ ಹೋಗೋದನ್ನ ನೋಡಿ ರಾವಣನ ಮನಸ್ಸು ತಿರುಗುತ್ತೆ, ಇವಳನ್ನ ರಾಮನಿಗೆ ಒಪ್ಪಿಸ್ತೀನಿ, ಆದ್ರೆ ಈಗಲೇ ಒಪ್ಪಿಸಿದ್ರೆ ಹೆದರಿ ಕೊಟ್ಟ ಅಂತಾರೆ, ಯುದ್ಧದಲ್ಲಿ ಗೆದ್ದು ಆಮೇಲೆ ಗೌರವದಿಂದ ಒಪ್ಪಿಸ್ತೀನಿ ಅಂತ ನಿಶ್ಚಯ ಮಾಡ್ತಾನೆ. ಆ ಛಲವೇ ಅವನನ್ನ ತಿಂದುಹಾಕುತ್ತೆ. ಕೊಲ್ಲೋನು ಕೂಡ ರಾಮ ಅಲ್ಲ ಲಕ್ಷ್ಮಣ. ಇಂಥ ರಾವಣನನ್ನ ಕನ್ನಡಕ್ಕೆ ಕೊಟ್ಟ ಕವಿಯ ಹೆಸರು ನಮ್ಮ ಬಾಯಲ್ಲಿ ನಾಗಚಂದ್ರ ಅಂತಲೇ ಬರಬೇಕು. ಮುಂದಿನ ಸಲ ಯಾರಾದ್ರೂ ಪಂಪ ರಾಮಾಯಣ ಅಂದ್ರೆ "ನಾಗಚಂದ್ರನದಾ?" ಅಂತ ಕೇಳು ತಾಯಿ.

ಪ್ರಶ್ನೆ: ಕಂತಿ ಅನ್ನೋ ಕವಯಿತ್ರಿ ಪಂಪನ ಜೊತೆ ವಾದ ಮಾಡಿದ್ಲಂತೆ, ಪಂಪ ಸತ್ತ ಹಾಗೆ ನಟಿಸಿದ್ನಂತೆ. ಆದಿಕವಿ ಹಾಗೆಲ್ಲ ಮಾಡಿದ್ನಾ ಸರ್? (ದಾವಣಗೆರೆಯ ಓದುಗರು)

ಉತ್ತರ: ಇದೂ ಅಭಿನವ ಪಂಪನ ಮೇಲೆ ಕಟ್ಟಿದ ಕತೆನೇ. ಕಂತಿ ಹಂಪನ ಸಮಸ್ಯೆಗಳು ಅಂತ ಒಂದಷ್ಟು ಪದ್ಯ ಇದಾವೆ, ಅವನು ಅರ್ಧ ಹೇಳೋದು ಅವಳು ತಟ್ಟನೆ ಉಳಿದದ್ದು ತುಂಬೋದು. ಕತೆಯ ಪ್ರಕಾರ ಇಬ್ರೂ ಹೊಯ್ಸಳ ಬಲ್ಲಾಳನ ಆಸ್ಥಾನ ದೋರಸಮುದ್ರದಲ್ಲಿ ಇದ್ರು, ಕಂತಿ ಏನ್ ಮಾಡಿದ್ರೂ ಅವನ ಕಾವ್ಯ ಹೊಗಳ್ತಿರಲಿಲ್ಲ, ಇವಳ ಬಾಯಿಂದ ಹೊಗಳಿಸ್ಕೊಳ್ತೀನಿ ಅಂತ ಹಟ ಹಿಡಿದು ಸತ್ತೋನ ಹಾಗೆ ಮಲಗಿಬಿಟ್ಟ, ಅವಳು ಓಡಿಬಂದು ಅಳ್ತಾ ಬಾಯ್ತುಂಬ ಹೊಗಳಿದ್ಲು, ಇವನು ಎದ್ದು ಕೂತ. 19ನೇ ಶತಮಾನದಲ್ಲಿ ದೇವಚಂದ್ರ ಬರೆದ ರಾಜಾವಳೀಕಥೆಯಲ್ಲೂ ಕಂತಿ ಕತೆ ಇದೆ. ಇತಿಹಾಸ ಅಂತ ಹಿಡ್ಕೊಳೋಕೆ ಗಟ್ಟಿ ಆಧಾರ ಇಲ್ಲ, ಆದ್ರೆ ಜನ ಒಬ್ಬ ಹೆಣ್ಣಿನ ಮೆಚ್ಚುಗೆಯನ್ನ ದೊಡ್ಡ ಕವಿಯೊಬ್ಬ ಇಷ್ಟು ಹಂಬಲಿಸಿದ ಅಂತ ಕತೆ ಕಟ್ಕೊಂಡಿದ್ದು ನನಗೆ ತುಂಬ ಇಷ್ಟ. ಅಲ್ಲಿ ಪಂಪ ಹೋಗಿ ಹಂಪ ಆಗಿದಾನೆ ಗಮನಿಸಿದ್ರಾ, ಆ ಹ ಕಾರ ಮುಂದಿನ ಪ್ರಶ್ನೆಗೆ ಬೇಕಾಗುತ್ತೆ.

ಪ್ರಶ್ನೆ: ನಮಸ್ಕಾರ ಸಾರ್. ಆದಿಕವಿ ಪಂಪ ನಮ್ಮ ಹಂಪಿಯೋರು, ಅದಕ್ಕೇ ಆ ಊರಿಗೆ ಹಂಪಿ ಅಂತ ಹೆಸರು ಬಂತು ಅಂತ ಚಿಕ್ಕೋರಿಂದ ಕೇಳ್ಕೊಂಡ್ ಬಂದಿದೀವಿ. ಹಾಗಾದ್ರೆ ಪಂಪ ಪ್ರಶಸ್ತಿನ ಹಂಪಿಯಲ್ಲಿ ಕೊಡದೆ ಬನವಾಸಿಗೆ ಯಾಕೆ ಕೊಂಡೊಯ್ದ್ರು? (ಹೊಸಪೇಟೆಯ ಓದುಗರು)

ಉತ್ತರ: ನಾನೂ ನಿಮ್ಮ ಕಡೆಯೋನೇ, ಹಾಗಾಗಿ ಈ ಮಾತು ಹೇಳೋಕೆ ಸ್ವಲ್ಪ ಕಷ್ಟ, ಆದ್ರೂ ಇದ್ದದ್ದು ಇದ್ದ ಹಾಗೆ ಹೇಳ್ಬೇಕು. ಹಂಪಿಗೆ ಹೆಸರು ಬಂದಿದ್ದು ಕವಿಯಿಂದ ಅಲ್ಲ, ನೀರಿಂದ. ತುಂಗಭದ್ರೆಗೆ ಅಲ್ಲಿ ಪಂಪಾ ಅಂತ ಹಳೇ ಹೆಸರು, ಅದೇ ಹೆಸರಿನ ದೇವಿ, ಆ ದೇವಿ ಹೇಮಕೂಟದಲ್ಲಿ ತಪಸ್ಸು ಮಾಡಿ ಶಿವನನ್ನ ಮದುವೆ ಆದ್ಲು ಅಂತ ಸ್ಥಳಪುರಾಣ, ಅದಕ್ಕೇ ವಿರೂಪಾಕ್ಷ ಪಂಪಾಪತಿ. ಹೊಳೆ ದಾಟಿ ಆನೆಗೊಂದಿ ಕಡೆ ಹೋದ್ರೆ ಪಂಪಾ ಸರೋವರ, ರಾಮಾಯಣದಲ್ಲಿ ರಾಮ ಸೀತೆಯನ್ನ ಹುಡುಕ್ತಾ ಬಂದ ಜಾಗ ಅಂತ ಜನ ಕೈ ಮುಗೀತಾರೆ. ಹಳಗನ್ನಡದ ಪ ಕಾರ ಮುಂದೆ ಹ ಆಯ್ತು, ಪಾಲು ಹಾಲಾಯ್ತು, ಪೂ ಹೂವಾಯ್ತು, ಪುಲಿ ಹುಲಿ ಆಯ್ತು, ಪಂಪೆ ಹಂಪೆ ಆಗಿ ಆಮೇಲೆ ಹಂಪಿ. ಕಂತಿ ಕತೆಯ ಪಂಪ ಹಂಪ ಆಗಿದ್ದೂ ಇದೇ ನಿಯಮದಲ್ಲಿ. ಎರಡೂ ಒಂದೇ ಥರ ಬದಲಾಗಿದ್ದಕ್ಕೆ ಊರಿಗೂ ಕವಿಗೂ ನಂಟು ಅಂತ ಅನ್ಸೋದು ಸಹಜ.

ಕವಿ ಪಂಪನ ಮನೆತನ ವೆಂಗಿ ನಾಡಿನದು, ಅಂದ್ರೆ ಈಗಿನ ಆಂಧ್ರದ ಕಡೆಯದು. ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ. ಅವನಿದ್ದದ್ದು ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಹತ್ರ, ಅದು ಈಗಿನ ತೆಲಂಗಾಣ. ಈ ವಿಷಯಗಳಲ್ಲಿ ನಮಗೆ ದೊಡ್ಡ ಸಾಕ್ಷಿ ಅವನ ತಮ್ಮ ಜಿನವಲ್ಲಭ. ಕರೀಂನಗರದ ಕಡೆ ಕುರಿಕ್ಯಾಲ ಅನ್ನೋ ಊರಿನ ಹತ್ರ ಗುಡ್ಡದ ಬಂಡೆ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಯಲ್ಲಿ ಶಾಸನ ಹಾಕಿಸಿದಾನೆ, ಅದರಲ್ಲಿ ತಾಯಿ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅಂತ ಬರುತ್ತೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯೋರು ಪಂಪ ನಮ್ಮೋನು ಅಂತ ಹೆಮ್ಮೆ ಪಡೋದು ಇದೇ ಆಧಾರದ ಮೇಲೆ, ಅದು ನ್ಯಾಯವಾದ ಹೆಮ್ಮೆ. ಒಬ್ಬ ತಮ್ಮ ಬಂಡೆ ಮೇಲೆ ಮನೆತನದ ನಾಲ್ಕು ಮಾತು ಕೆತ್ತಿಸಿದ್ದಕ್ಕೆ ಸಾವಿರ ವರ್ಷ ಆದ್ಮೇಲೂ ಅಣ್ಣನ ತಾಯಿ ಕಡೆ ಊರು ನಮಗೆ ಗೊತ್ತು, ನೆನೆಸ್ಕೊಂಡ್ರೆ ಮೈ ಜುಮ್ ಅನ್ನುತ್ತೆ.

ಇನ್ನು ಬನವಾಸಿ. ವಿಕ್ರಮಾರ್ಜುನ ವಿಜಯದಲ್ಲಿ ಅರ್ಜುನ ತೀರ್ಥಯಾತ್ರೆಗೆ ಹೊರಟಾಗ ಬನವಾಸಿ ನಾಡು ಬರುತ್ತೆ, ಅಲ್ಲೇ "ಆರಂಕುಶಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ" ಅಂತ ಬರೋದು, ಯಾರು ಅಂಕುಶ ಹಾಕಿ ತಿವಿದ್ರೂ ನನ್ನ ಮನಸ್ಸು ಬನವಾಸಿಯನ್ನೇ ನೆನೆಯುತ್ತೆ ಅಂತ. ಮನುಷ್ಯನಾಗಿ ಹುಟ್ಟೋಕೆ ಆಗದಿದ್ರೆ ಮರಿದುಂಬಿಯಾಗಿನೋ ಕೋಗಿಲೆಯಾಗಿನೋ ಆ ನಾಡಿನ ತೋಟದಲ್ಲಿ ಹುಟ್ಟಬೇಕು ಅಂತಾನೆ. ಹೀಗೆ ಬರೆದೋನ ಹೆಸರಿನ ಪ್ರಶಸ್ತಿ ಬನವಾಸಿಯ ಕದಂಬೋತ್ಸವದಲ್ಲೇ ಕೊಡೋದು ಸರಿಯಾದ ಮರ್ಯಾದೆ ಅಂತ ನಾನು ಅಂದ್ಕೊಂಡಿದೀನಿ. ರಾಜ್ಯ ಸರ್ಕಾರ ಅದನ್ನ ಶುರು ಮಾಡಿದ್ದು 1987ರಲ್ಲಿ, ಮೊದಲನೇದು ಕುವೆಂಪು ಅವರ ಶ್ರೀ ರಾಮಾಯಣ ದರ್ಶನಂಗೆ ಬಂತು. ನಮ್ಮ ಹೊಸಪೇಟೆಯೋರು ಬೇಜಾರು ಮಾಡ್ಕೊಳೋದು ಬೇಡ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೊಡ್ತಾ ಇರೋ ನಾಡೋಜ ಗೌರವ ಇದ್ಯಲ್ಲ, ಆ ನಾಡೋಜ ಅನ್ನೋದು ಪಂಪನಿಗೆ ಸಂದ ಹೆಸರು, ನಾಡಿಗೇ ಗುರು ಅಂತ ಅರ್ಥ.

ಪ್ರಶ್ನೆ: ಲೈಬ್ರರಿಯಲ್ಲಿ ಪಂಪಾಶತಕ ಅಂತ ಪುಸ್ತಕ ನೋಡಿದೆ, ಬರೆದೋರು ಹರಿಹರ ಅಂತಿತ್ತು. ಪಂಪನ ಮೇಲೆ ನೂರು ಪದ್ಯಾನಾ? ಬರೆದ ಹರಿಹರ ವಿಜಯನಗರ ಕಟ್ಟಿದ ಹರಿಹರಾನೇನಾ? (ಬೆಂಗಳೂರಿನ ಓದುಗರು)

ಉತ್ತರ: ಎರಡೂ ಅಲ್ಲ. ಇದು ಹಂಪೆಯ ಹರಿಹರ ಕವಿ ವಿರೂಪಾಕ್ಷನ ಮೇಲೆ ಬರೆದ ಶತಕ, ಗಿರಿಜಾಕಲ್ಯಾಣ ಮತ್ತು ಶಿವಶರಣರ ರಗಳೆಗಳನ್ನ ಬರೆದನಲ್ಲ ಅದೇ ಹರಿಹರ. ಮನುಷ್ಯರ ಮೇಲೆ, ಸಾಯೋರ ಮೇಲೆ ಕಾವ್ಯ ಕಟ್ಟಿ ಕೆಡಬೇಡ ಅಂತ ಗದರಿಸಿ ಹೇಳಿದ ಕವಿ ಇವನು, ಅಂಥೋನು ಇನ್ನೊಬ್ಬ ಕವಿಯ ಮೇಲೆ ನೂರು ಪದ್ಯ ಬರೆಯೋ ಮಾತೇ ಇಲ್ಲ. ಹಾಗೆ ಗದರಿಸೋ ಪದ್ಯದ ಕೊನೆ "ಕಡು ಸೊಂಪಿನ ಪೆಂಪಿನ ಹಂಪೆಯಾಳ್ದನಂ" ಅಂತ, ಬಾಯಿಬಿಟ್ಟು ಒಂದ್ಸಲ ಹೇಳಿ ನೋಡಿ, ಪೆಂಪಿನಲ್ಲಿ ಪ ಉಳ್ಕೊಂಡಿದೆ, ಪಕ್ಕದ ಹಂಪೆಯಲ್ಲಿ ಹ ಬಂದಿದೆ, ಕನ್ನಡ ಬದಲಾಗ್ತಿದ್ದ ಕಾಲ ಒಂದೇ ಸಾಲಲ್ಲಿ ಕಾಣುತ್ತೆ.

ಅರಸ ಹರಿಹರ ಬೇರೆ, ಹಕ್ಕ ಅಂತ ನಾವು ಕರೆಯೋದು ಅವನನ್ನ, ವಿಜಯನಗರ ಶುರುವಾಗಿದ್ದು 1336ರಲ್ಲಿ, ಕವಿ ಅದಕ್ಕಿಂತ ನೂರು ವರ್ಷಕ್ಕೂ ಹಿಂದಿನೋನು. ಇನ್ನು ದಾವಣಗೆರೆ ಪಕ್ಕದ ಹರಿಹರ ಊರಿಗೆ ಹೆಸರು ಹರಿಹರೇಶ್ವರ ದೇವರಿಂದ, ಆ ಗುಡಿ 1224ರಲ್ಲಿ ಹೊಯ್ಸಳರ ದಂಡನಾಯಕ ಪೊಲಾಳ್ವ ಕಟ್ಟಿಸಿದ್ದು. ಕವಿ, ಅರಸ, ಊರು ಮೂರೂ ತುಂಗಭದ್ರೆ ದಡದ ಹೆಸರುಗಳೇ ಆಗಿರೋದ್ರಿಂದ ಗೊಂದಲ ಜಾಸ್ತಿ.

ಪ್ರಶ್ನೆ: ಮಾಲೆ ಹಾಕಿ ಶಬರಿಮಲೆಗೆ ಹೋಗ್ತೀವಿ, ಪಂಪಾದಲ್ಲಿ ಸ್ನಾನ ಮಾಡ್ತೀವಿ. ಅದೂ ಹಂಪಿಯ ಪಂಪಾನೂ ಒಂದೇ ನದೀನಾ ಗುರುಗಳೇ? (ತುಮಕೂರಿನ ಓದುಗರು)

ಉತ್ತರ: ಅಲ್ಲ ಸ್ವಾಮಿ, ಎರಡಕ್ಕೂ ನೀರಿನ ಸಂಬಂಧ ಇಲ್ಲ. ಕೇರಳದ ಪಂಪಾ ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿದು ವೇಂಬನಾಡು ಕಾಯಲು, ಅಂದ್ರೆ ಅಲ್ಲಿನ ಹಿನ್ನೀರಿನ ಸರೋವರ ಸೇರುತ್ತೆ, 176 ಕಿಲೋಮೀಟರ್ ಉದ್ದ. ನಮ್ಮ ತುಂಗಭದ್ರೆ ಪೂರ್ವಕ್ಕೆ ಹರಿದು ಕೃಷ್ಣೆ ಸೇರುತ್ತೆ. ಆದ್ರೆ ಎರಡೂ ಕಡೆ ಶಬರಿ ಕತೆ ಹೇಳ್ತಾರೆ, ಅಲ್ಲಿ ಬೆಟ್ಟದ ಹೆಸರಲ್ಲೇ ಶಬರಿ, ಇಲ್ಲಿ ಪಂಪಾ ಸರೋವರದ ಪಕ್ಕ ಶಬರಿಯ ಗುಹೆ. ರಾಮಾಯಣದಲ್ಲಿ ಶಬರಿ ಇದ್ದದ್ದು ಪಂಪೆಯ ದಡದಲ್ಲಿ, ಹಾಗಾಗಿ ಒಂದು ಹೆಸರು ಇದ್ದ ಕಡೆ ಇನ್ನೊಂದೂ ನೆನಪಾಗುತ್ತೆ.

ಪ್ರಶ್ನೆ: ಮಗಳು ಹುಟ್ಟಿದಾಳೆ. ಪಂಪಾ ಅಂತ ಹೆಸರಿಡೋಣ ಅಂತ ನನ್ನಾಸೆ, ಅದು ಗಂಡಸಿನ ಹೆಸರು ಅಂತ ನಮ್ಮತ್ತೆಯೋರು ಒಪ್ತಿಲ್ಲ. ಏನ್ಮಾಡ್ಲಿ? (ಗಂಗಾವತಿಯ ಓದುಗರು)

ಉತ್ತರ: ಅತ್ತೆಯೋರಿಗೆ ಆದಿಕವಿ ನೆನಪಿದಾನೆ ಅಂದ್ರೆ ಸಂತೋಷದ ವಿಷಯ ತಾಯಿ, ಅವರಿಗೆ ನನ್ನ ನಮಸ್ಕಾರ ಹೇಳಿ. ಕೊನೇಲಿ ದೀರ್ಘ ಇಲ್ಲದ ಪಂಪ ಗಂಡು, ದೀರ್ಘ ಇರೋ ಪಂಪಾ ಹೆಣ್ಣು, ಹೊಳೆಯ ಹೆಸರು, ದೇವಿಯ ಹೆಸರು. ನಾನು ಓದಿದ ಶಾಲೆಯಲ್ಲಿ ಒಂದೇ ಕ್ಲಾಸಲ್ಲಿ ಮೂರು ಜನ ಪಂಪಾಪತಿ ಇದ್ರು, ಮೇಷ್ಟ್ರು ಅಪ್ಪನ ಹೆಸರು ಸೇರಿಸಿ ಹಾಜರಿ ಕರೀತಿದ್ರು, ಹಿಂದಿನ ಬೀದಿಯಲ್ಲಿ ಪಂಪಮ್ಮ ಅಂತ ಒಬ್ರು ಅಜ್ಜಿ, ಪಂಪಣ್ಣ ಅಂತ ಅವರ ತಮ್ಮ. ಆ ಎಲ್ಲ ಹೆಸರಿಗೂ ಮೂಲ ಅದೇ ದೇವಿ. ನೀವಿರೋದು ಗಂಗಾವತಿ, ಪಂಪಾ ಸರೋವರ ನಿಮ್ಮ ತಾಲೂಕಿನದೇ. ಹೆಸರಿಟ್ಟ ಮೇಲೆ ಅತ್ತೆಯೋರನ್ನೂ ಕರ್ಕೊಂಡು ಮಗುವನ್ನ ಎತ್ಕೊಂಡು ಹಂಪಿಯ ಫಲಪೂಜೆಗೆ ಹೋಗಿಬನ್ನಿ, ಪಂಪಾದೇವಿಗೂ ವಿರೂಪಾಕ್ಷನಿಗೂ ಅವತ್ತು ನಿಶ್ಚಿತಾರ್ಥ, ಮದುವೆ ಚೈತ್ರದಲ್ಲಿ.