ಒಂದು ಸೆಮಿಸ್ಟರ್ ಜರ್ಮನಿಗೆ: ಹೋಗುವುದೋ, ಬಿಡುವುದೋ?

ಪ್ರಶ್ನೆ: ಮಾನ್ಯರೇ, ಬೆಂಗಳೂರಿನ ಒಂದು ಸ್ವಾಯತ್ತ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಐದನೆಯ ಸೆಮಿಸ್ಟರ್ ಓದುತ್ತಿದ್ದೇನೆ. ನಮ್ಮ ಕಾಲೇಜು ಜರ್ಮನಿಯ ಒಂದು ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯದೊಂದಿಗೆ ಒಪ್ಪಂದ ಮಾಡಿಕೊಂಡಿದ್ದು, ಆರನೆಯ ಸೆಮಿಸ್ಟರನ್ನು ಅಲ್ಲಿ ಓದಲು ಆಯ್ಕೆಯಾದ ನಾಲ್ವರಲ್ಲಿ ನಾನೂ ಒಬ್ಬಳು. ಬೋಧನಾ ಶುಲ್ಕವಿಲ್ಲ, ಉಳಿದ ಖರ್ಚೆಲ್ಲ ನಮ್ಮದೇ. ಊರಿನಲ್ಲಿ ನಮ್ಮದು ಅಡಿಕೆ ತೋಟ. ಎಲೆಚುಕ್ಕೆ ರೋಗದಿಂದ ಎರಡು ವರ್ಷಗಳಿಂದ ಫಸಲು ಕೈಕೊಟ್ಟಿದೆ. ಆದರೂ ಅಮ್ಮನ ಒಡವೆಯನ್ನು ಸೊಸೈಟಿಯಲ್ಲಿಟ್ಟು ಸಾಲ ತೆಗೆಯೋಣ ಎಂದು ಅಪ್ಪ ಹೇಳುತ್ತಿದ್ದಾರೆ. ಹೋದರೆ ಪ್ಲೇಸ್‌ಮೆಂಟ್ ತಪ್ಪುತ್ತದೆ ಎಂದು ಗೆಳತಿಯರು ಹೆದರಿಸುತ್ತಿದ್ದಾರೆ. ಈ ತಿಂಗಳೊಳಗೆ ಒಪ್ಪಿಗೆ ತಿಳಿಸಬೇಕು. ಏನು ಮಾಡಲಿ?
— ಓರ್ವ ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಆಯ್ಕೆಯಾದದ್ದಕ್ಕೆ ಅಭಿನಂದನೆಗಳು. ನಿಮ್ಮ ಪತ್ರದಲ್ಲಿ ಹಣದ ಚಿಂತೆಯಿದೆ, ಕೆಲಸದ ಚಿಂತೆಯೂ ಇದೆ. ಆದರೆ ಅಲ್ಲಿಗೆ ಹೋಗಿ ಯಾವ ಯಾವ ವಿಷಯ ಓದುತ್ತೀರಿ ಎಂಬುದರ ಸುಳಿವೇ ಇಲ್ಲ. ನಾನು ಮೊದಲು ಕೇಳುವುದು ಅದನ್ನೇ. ಜರ್ಮನಿಯಲ್ಲಿ ಪದವಿ ಹಂತದ ಪಾಠಗಳು ಬಹುಪಾಲು ಜರ್ಮನ್ ಭಾಷೆಯಲ್ಲೇ ನಡೆಯುತ್ತವೆ. ವಿನಿಮಯ ವಿದ್ಯಾರ್ಥಿಗಳಿಗಾಗಿ ಇಂಗ್ಲಿಷಿನಲ್ಲಿ ಕಲಿಸುವ ವಿಷಯಗಳ ಪ್ರತ್ಯೇಕ ಪಟ್ಟಿಯೊಂದಿರುತ್ತದೆ. ಅದು ಸಾಮಾನ್ಯವಾಗಿ ಸಣ್ಣದು. ನಿಮ್ಮ ಆರನೆಯ ಸೆಮಿಸ್ಟರಿನ ಕಡ್ಡಾಯ ವಿಷಯಗಳಿಗೆ ಸರಿಸಮವಾದದ್ದು ಆ ಪಟ್ಟಿಯಲ್ಲಿ ಇಲ್ಲದಿದ್ದರೆ, ಅಲ್ಲಿ ಎಷ್ಟೇ ಚೆನ್ನಾಗಿ ಪಾಸಾದರೂ ಇಲ್ಲಿಗೆ ಬಂದು ಬಿಟ್ಟುಹೋದ ವಿಷಯಗಳನ್ನು ಜೂನಿಯರ್‌ಗಳ ಜೊತೆ ಕೂತು ಬರೆಯಬೇಕಾಗುತ್ತದೆ.

ಲೆಕ್ಕದ ತೊಡಕು ಇನ್ನೊಂದಿದೆ. ನಮ್ಮಲ್ಲಿ ಬಿ.ಇ. ಪದವಿಗೆ ನಾಲ್ಕು ವರ್ಷಕ್ಕೆ ಸುಮಾರು 160 ಕ್ರೆಡಿಟ್. ವಾರಕ್ಕೆ ಒಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್ ಎಂಬುದು ಸ್ಥೂಲ ನಿಯಮ. ಯುರೋಪಿನ ಪದ್ಧತಿಯಲ್ಲಿ ಸೆಮಿಸ್ಟರಿಗೆ 30 ಕ್ರೆಡಿಟ್. ಅಲ್ಲಿ ಒಂದು ಕ್ರೆಡಿಟ್ ಎಂದರೆ ಪಾಠ, ಮನೆಯಲ್ಲಿ ಮಾಡುವ ಓದು-ಬರಹ, ಪರೀಕ್ಷಾ ತಯಾರಿ ಎಲ್ಲವೂ ಸೇರಿ 25ರಿಂದ 30 ಗಂಟೆಯ ದುಡಿಮೆ. ಅಲ್ಲಿನ ಐದು ಕ್ರೆಡಿಟ್ಟಿನ ವಿಷಯ ಇಲ್ಲಿ ಮೂರೋ ನಾಲ್ಕೋ ಎಂಬುದನ್ನು ನಿಮ್ಮ ಕಾಲೇಜಿನ ಅಧ್ಯಯನ ಮಂಡಳಿಯೇ ತೀರ್ಮಾನಿಸಬೇಕು. ಆದುದರಿಂದ ಎರಡೂ ಕಡೆಯ ವಿಷಯಗಳನ್ನು ಎದುರುಬದುರಾಗಿ ಬರೆದ ಲರ್ನಿಂಗ್ ಅಗ್ರಿಮೆಂಟಿಗೆ ನಿಮ್ಮ ಎಚ್ಒಡಿ, ಪರೀಕ್ಷಾ ನಿಯಂತ್ರಕರು ಮತ್ತು ಜರ್ಮನಿಯ ಸಂಯೋಜಕರು ಸಹಿ ಹಾಕುವವರೆಗೆ ವಿಮಾನದ ಟಿಕೆಟ್ ಕೊಳ್ಳಬೇಡಿ. ‘ಹೋಗಿ ಬಾಮ್ಮಾ, ಆಮೇಲೆ ಅಡ್ಜಸ್ಟ್ ಮಾಡೋಣ’ ಎಂದು ಯಾರಾದರೂ ಹೇಳಿದರೆ, ಅದನ್ನೇ ಇಮೇಲಿನಲ್ಲಿ ಬರೆದುಕೊಡಲು ಕೇಳಿ. ಬರೆದುಕೊಡುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಬಲ್ಲ ಒಬ್ಬ ಹುಡುಗ ಜರ್ಮನಿಯಲ್ಲಿ ಒಂದು ಸೆಮಿಸ್ಟರ್ ಮುಗಿಸಿ, 1.7 ಎಂಬ ಗ್ರೇಡ್ ಹಿಡಿದುಕೊಂಡು ಬಂದ. ಅಲ್ಲಿ 1.0 ಎಂದರೆ ಅತ್ಯುತ್ತಮ, 4.0 ಎಂದರೆ ಬರೀ ಪಾಸು, ಹಾಗಾಗಿ 1.7 ಹೆಮ್ಮೆಪಡುವಂಥ ಅಂಕ. ಇಲ್ಲಿಯ ಪರೀಕ್ಷಾ ವಿಭಾಗದ ಗುಮಾಸ್ತರು ಅದನ್ನು ಹತ್ತಕ್ಕೆ 1.7 ಎಂದು ಓದಿ ಫೇಲ್ ಎಂದು ನಮೂದಿಸಿದರು. ತಿದ್ದುಪಡಿಯಾಗಲು ಮೂರು ತಿಂಗಳು ಹಿಡಿಯಿತು; ಅಷ್ಟರಲ್ಲಿ ‘ಬ್ಯಾಕ್‌ಲಾಗ್ ಇರಬಾರದು’ (ಪಾಸಾಗದೆ ಉಳಿದ ವಿಷಯವಿರಬಾರದು) ಎಂಬ ಷರತ್ತಿನ ಎರಡು ಕಂಪನಿಗಳು ಕಾಲೇಜಿಗೆ ಬಂದು ಹೋಗಿದ್ದವು. ಪ್ಲೇಸ್‌ಮೆಂಟ್ ಬಗ್ಗೆ ನಿಮ್ಮ ಗೆಳತಿಯರ ಭಯ ಪೂರ್ತಿ ಸುಳ್ಳಲ್ಲ, ಆದರೆ ಅದರ ಮೂಲ ಇರುವುದು ಇಲ್ಲಿ. ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯಗಳಲ್ಲಿ ಬೇಸಿಗೆ ಸೆಮಿಸ್ಟರಿನ ಪಾಠ ಮಾರ್ಚ್ ಮಧ್ಯದಲ್ಲಿ ಶುರುವಾಗಿ ಜುಲೈ ಹೊತ್ತಿಗೆ ಪರೀಕ್ಷೆ ಮುಗಿಯುತ್ತದೆ. ಏಳನೆಯ ಸೆಮಿಸ್ಟರಿನ ಸಂದರ್ಶನಗಳಿಗೆ ನೀವು ಬಂದು ತಲುಪುತ್ತೀರಿ. ತಡವಾಗುವುದು ನಿಮ್ಮ ಮಾರ್ಕ್ಸ್ ಕಾರ್ಡು.

ಇನ್ನು ಹಣ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ (ಮೊದಲೇ ಹಣ ಕಟ್ಟಿ, ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಖಾತೆ) ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಹಣ ತೋರಿಸಬೇಕೆಂಬ ನಿಯಮ 2024ರ ಸೆಪ್ಟೆಂಬರಿನಿಂದ ಇದೆ. ಇದನ್ನು ಫೀಸು ಎಂದು ತಿಳಿದು ಗಾಬರಿಯಾಗುವ ಪೋಷಕರುಂಟು. ಅದು ನಿಮ್ಮದೇ ಹಣ. ಪ್ರತಿ ತಿಂಗಳೂ ನಿಮ್ಮ ಕೈಗೇ ಬರುತ್ತದೆ, ಬಾಡಿಗೆಗೂ ಊಟಕ್ಕೂ ಆರೋಗ್ಯ ವಿಮೆಗೂ ಅಲ್ಲೇ ಕರಗಿಹೋಗುತ್ತದೆ. ಐದು ತಿಂಗಳಿಗೆ 4,960 ಯೂರೋ. ಯೂರೋಗೆ ನೂರು ರೂಪಾಯಿ ಎಂದು ಹಿಡಿದರೂ ಐದು ಲಕ್ಷ. ವಿಮಾನ, ವೀಸಾ, ಸೆಮಿಸ್ಟರ್ ಶುಲ್ಕ (ಬೋಧನಾ ಶುಲ್ಕವಲ್ಲ, ವಿದ್ಯಾರ್ಥಿ ಸೌಲಭ್ಯಗಳಿಗೆ ಕಟ್ಟುವುದು) ಸೇರಿದರೆ ಆರು ಲಕ್ಷದ ಆಸುಪಾಸು. ಶೇ. 10ರ ಬಡ್ಡಿಯಾದರೆ ವರ್ಷಕ್ಕೆ 60,000 ರೂಪಾಯಿ ಬಡ್ಡಿಯೇ ಆಯಿತು, ಅದೂ ತೋಟ ಸೊರಗಿರುವ ಕಾಲದಲ್ಲಿ. ಅಲ್ಲಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಕಾನೂನು ಒಪ್ಪುತ್ತದೆ, ನಿಜ. ಆದರೆ ಭಾಷೆ ಬಾರದೆ, ಬರೀ ನಾಲ್ಕೈದು ತಿಂಗಳಿಗೆ ಕೆಲಸ ಹುಡುಕಿ ಸಾಲ ತೀರಿಸುತ್ತೇನೆಂಬ ಲೆಕ್ಕವನ್ನು ತಂದೆಯವರ ಮುಂದೆ ಇಡಬೇಡಿ.

ನನ್ನ ಅಭಿಪ್ರಾಯ ಕೇಳಿದಿರಿ. ಒಡವೆ ಅಡವಿಟ್ಟು ಈ ಸೆಮಿಸ್ಟರಿಗೆ ಹೋಗುವುದು ಬೇಡ. ಹಾಗೆಂದು ‘ಬರುವುದಿಲ್ಲ’ ಎಂದು ಬರೆದುಕೊಡುವ ಮೊದಲು ಎರಡು ವಿಚಾರಣೆ ಮಾಡಿ. ಮೊದಲನೆಯದು, ಆ ಜರ್ಮನ್ ವಿಶ್ವವಿದ್ಯಾಲಯಕ್ಕೆ ಭಾರತದ ವಿದ್ಯಾರ್ಥಿಗಳಿಗಾಗಿ ಐರೋಪ್ಯ ಒಕ್ಕೂಟದ ವಿದ್ಯಾರ್ಥಿ ವಿನಿಮಯ ನೆರವಾದ ಎರಾಸ್ಮಸ್ ಪ್ಲಸ್ ಯೋಜನೆಯ ಸೀಟುಗಳಿವೆಯೇ ಎಂಬುದು. ಇದ್ದರೆ ತಿಂಗಳಿಗೆ 800ರಿಂದ 900 ಯೂರೋ ಭತ್ಯೆಯೂ ಪ್ರಯಾಣಕ್ಕೆ ನೆರವೂ ದೊರೆಯುತ್ತದೆ. ಅರ್ಜಿ ಕಾಲೇಜುಗಳ ಮೂಲಕವೇ ಹೋಗುವುದರಿಂದ ಕಾಲೇಜಿನ ಅಂತರರಾಷ್ಟ್ರೀಯ ವಿಭಾಗದಲ್ಲಿ ನೀವೇ ಖುದ್ದಾಗಿ ಕೇಳಬೇಕು; ಅವರಾಗಿಯೇ ಹೇಳುತ್ತಾರೆಂದು ಕಾಯಬೇಡಿ. ಎರಡನೆಯದು, ನಿಮ್ಮ ಸೀಟನ್ನು ಎಂಟನೆಯ ಸೆಮಿಸ್ಟರಿಗೆ ಬದಲಾಯಿಸಬಹುದೇ ಎಂಬುದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಪಠ್ಯಕ್ರಮದಲ್ಲಿ ಆ ಸೆಮಿಸ್ಟರಿನ ಬಹುಭಾಗ ಇಂಟರ್ನ್‌ಶಿಪ್‌ಗೇ ಮೀಸಲು. ಸ್ವಾಯತ್ತ ಕಾಲೇಜುಗಳೂ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿವೆ. ಅಲ್ಲಿಯ ಪ್ರಯೋಗಾಲಯದಲ್ಲಿ ಇಂಟರ್ನ್‌ಶಿಪ್ ಮಾಡಿದರೆ ಕಡ್ಡಾಯ ವಿಷಯಗಳ ಹೊಂದಾಣಿಕೆಯ ತಲೆನೋವೂ ಇರದು, ಅಷ್ಟರಲ್ಲಿ ಪ್ಲೇಸ್‌ಮೆಂಟೂ ಮುಗಿದಿರುತ್ತದೆ. ಆ ಒಂದು ವರ್ಷದಲ್ಲಿ ಜರ್ಮನ್ ಭಾಷೆಯ ಮೊದಲ ಎರಡು ಹಂತಗಳನ್ನಾದರೂ ಬೆಂಗಳೂರಿನಲ್ಲೇ ಮುಗಿಸಿಕೊಳ್ಳಿ. ಎರಾಸ್ಮಸ್ ಭತ್ಯೆ ಸಿಕ್ಕಿ, ಲರ್ನಿಂಗ್ ಅಗ್ರಿಮೆಂಟಿಗೂ ಸಹಿ ಬಿದ್ದರೆ ಮಾತ್ರ ಆರನೆಯ ಸೆಮಿಸ್ಟರಿಗೇ ಧೈರ್ಯವಾಗಿ ಹೊರಡಿ.

ಪ್ರಶ್ನೆ: ಮಗ ದ್ವಿತೀಯ ಪಿಯುಸಿ ವಿಜ್ಞಾನದಲ್ಲಿದ್ದಾನೆ. ಜರ್ಮನಿಯಲ್ಲಿ ಫೀಸೇ ಇಲ್ಲ, ಪಿಯುಸಿ ಮುಗಿದ ಕೂಡಲೇ ಕಳುಹಿಸಿ ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ನಂಬಬಹುದೇ?
— ಓರ್ವ ತಂದೆ, ಹುಬ್ಬಳ್ಳಿ

ಉತ್ತರ: ಅರ್ಧ ನಿಜ. ಬಾಡೆನ್-ವ್ಯುರ್ಟೆಂಬೆರ್ಗ್‌ ರಾಜ್ಯದಲ್ಲಿ ನಮ್ಮವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಇದ್ದರೂ, ಅಲ್ಲಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಬರೀ ಪಿಯುಸಿ ಅಂಕಪಟ್ಟಿಯ ಮೇಲೆ ಅಲ್ಲಿ ನೇರ ಪ್ರವೇಶ ಸಾಮಾನ್ಯವಾಗಿ ಸಿಗುವುದಿಲ್ಲ. ಒಂದೋ ಅಲ್ಲಿಯ ಪೂರ್ವಸಿದ್ಧತಾ ತರಗತಿ ಓದಿ ಪರೀಕ್ಷೆ ಪಾಸಾಗಬೇಕು, ಇಲ್ಲವೇ ಇಲ್ಲಿ ಪದವಿಯ ಒಂದು ವರ್ಷ ಮುಗಿಸಿರಬೇಕು, ಅಥವಾ ತಾಂತ್ರಿಕ ವಿಷಯಗಳಿಗಾದರೆ ಜೆಇಇ ಅಡ್ವಾನ್ಸ್ಡ್‌ನಲ್ಲಿ ತೇರ್ಗಡೆಯಾಗಿರಬೇಕು. ಏಜೆಂಟರು ಹೇಳುತ್ತಿರುವ ಕಾಲೇಜಿನ ಹೆಸರನ್ನು ಬರೆಸಿಕೊಂಡು, ಅದು ಸರ್ಕಾರಿಯೋ ಖಾಸಗಿಯೋ ಎಂದು ಮೊದಲು ನೋಡಿ. ಖಾಸಗಿಯಾಗಿದ್ದರೆ ಫೀಸೂ ಇರುತ್ತದೆ, ಅವರ ಕಮಿಷನ್ನೂ ಇರುತ್ತದೆ.